ಊರೂರು ಸುತ್ತಿದ ಹೂಗಳು, ಊರು ಬಿಡದ ಗಿಡಗಳು

ಉಷ್ಣವಲಯದ ದ್ವೀಪ ಎಂದೊಡನೆ ಕಣ್ಣ ಮುಂದೆ ಬರುವ ಚಿತ್ರ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಕಡಲಿನತ್ತ ಬಾಗಿದ ತೆಂಗು, ಗೋಡೆಯ ಮೇಲಿಂದ ಇಳಿಬಿದ್ದ ಕಾಗದದ ಹೂ, ಬೇಲಿಯ ತುಂಬ ಕೆಂಪು ದಾಸವಾಳ, ಅಂಗಳದಲ್ಲಿ ದೇವಕಣಗಿಲೆ, ಕುಂಡದಲ್ಲಿ ಹೊಳೆಯುವ ಆಂಥೂರಿಯಂ. ಈ ಚಿತ್ರದ ಕೆಳಗೆ ಹವಾಯಿ ಎಂದು ಬರೆದರೂ ನಡೆಯುತ್ತದೆ, ಮಾರಿಷಸ್ ಎಂದರೂ ನಡೆಯುತ್ತದೆ. ಬಾಲಿ, ಫಿಜಿ, ಅಂಡಮಾನ್ ಎಂದರೂ ಯಾರೂ ಅನುಮಾನಪಡುವುದಿಲ್ಲ. ಯೋಚಿಸಬೇಕಾದ ಸಂಗತಿಯೇ ಇದು. ಈ ದ್ವೀಪಗಳ ನಡುವೆ ಸಾವಿರಾರು ಕಿಲೋಮೀಟರ್ ಕಡಲಿದೆ. ಒಂದೊಂದರ ವಯಸ್ಸು ಬೇರೆ, ಮಣ್ಣು ಬೇರೆ, ಹುಟ್ಟಿದ ಬಗೆ ಬೇರೆ. ಹೀಗಿದ್ದೂ ಎಲ್ಲ ಕಡೆ ಅದೇ ಹತ್ತಿಪ್ಪತ್ತು ಗಿಡಗಳು ಎದುರಾಗುತ್ತವೆ ಎಂದರೆ ಅವು ಅಷ್ಟೂ ದ್ವೀಪಗಳ ಸ್ವಂತ ಗಿಡಗಳಾಗಿರಲು ಸಾಧ್ಯವಿಲ್ಲ. ನನ್ನ ವಾದ ಇಷ್ಟೆ: ದ್ವೀಪಗಳಲ್ಲಿ ಎಲ್ಲೆಲ್ಲೂ ಕಾಣುವ ಹೂಗಿಡಗಳು ಪಯಣಕ್ಕೆ ಒಗ್ಗಿದವು, ದ್ವೀಪದ ಸ್ವಂತ ಗಿಡಗಳು ಪಯಣವನ್ನೇ ಬಿಟ್ಟವು. ಇದು ತಿಳಿಯದೆ ನಾವು ಮೊದಲಿನವನ್ನು ದ್ವೀಪದ ಗುರುತೆಂದು ಮೆಚ್ಚುತ್ತೇವೆ, ಎರಡನೆಯವು ಕಣ್ಮರೆಯಾಗುತ್ತಿರುವುದನ್ನು ಗಮನಿಸುವುದೇ ಇಲ್ಲ.

ಇದನ್ನು ನೋಡಲು ಹವಾಯಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಪೆಸಿಫಿಕ್ ಸಾಗರದ ನಡುವಿನ ಈ ದ್ವೀಪಗಳು ಜ್ವಾಲಾಮುಖಿಯಿಂದ ಎದ್ದವು. ಯಾವ ಕಾಲದಲ್ಲೂ ಯಾವ ಖಂಡಕ್ಕೂ ಅಂಟಿಕೊಂಡಿದ್ದವಲ್ಲ. ಹತ್ತಿರದ ಖಂಡವಾದ ಉತ್ತರ ಅಮೆರಿಕದ ಕರಾವಳಿಗೆ ಇಲ್ಲಿಂದ 3,800 ಕಿಲೋಮೀಟರಿನಷ್ಟು ದೂರ. ಇಲ್ಲಿ ತಾವಾಗಿ ನೆಲೆಸಿದ ಹೂಬಿಡುವ ಸಸ್ಯಗಳು ಸುಮಾರು 1,000 ಜಾತಿ. ಅವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಆದರೆ ಪ್ರವಾಸಿ ಚಿತ್ರಪಟದಲ್ಲಿ ಇವುಗಳಲ್ಲಿ ಒಂದನ್ನೂ ಹುಡುಕುವುದು ಕಷ್ಟ. ಹವಾಯಿಗೆ ಬಂದಿಳಿದವರ ಕೊರಳಿಗೆ ಹಾಕುವ 'ಲೇ' ಹಾರದ ದೇವಕಣಗಿಲೆ ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ಕಡೆಯದು. 1860ರಲ್ಲಿ ವಿಲ್ಹೆಲ್ಮ್ ಹಿಲೆಬ್ರಾಂಡ್ ಎಂಬ ಜರ್ಮನ್ ವೈದ್ಯ ಅದನ್ನು ತಂದು ನೆಟ್ಟರು. ಕಾಗದದ ಹೂ ದಕ್ಷಿಣ ಅಮೆರಿಕದ್ದು. ಆಂಥೂರಿಯಂ ಕೊಲಂಬಿಯಾದ ಕಾಡಿನದು, ಲಂಡನ್ ಮೂಲಕ 1889ರಲ್ಲಿ ಬಂತು. ಅನಾನಸ್ ಕೂಡ ದಕ್ಷಿಣ ಅಮೆರಿಕದ್ದೇ. ಬೇಲಿಯ ಕೆಂಪು ದಾಸವಾಳ ಏಷ್ಯಾದ್ದು. ಆರ್ಕಿಡ್ ಹೂಗಳಿಗೆ ಹವಾಯಿ ಹೆಸರುವಾಸಿ, ಆದರೆ ಅಲ್ಲಿನ ಸ್ವಂತ ಆರ್ಕಿಡ್‌ಗಳು ಮೂರೇ ಜಾತಿ. ಮೂರೂ ಸಣ್ಣ ಹೂವಿನವು, ಹಾರಕ್ಕೆ ಒದಗುವಂಥವಲ್ಲ. ತೆಂಗು ಕೂಡ ಮನುಷ್ಯರ ದೋಣಿಯಲ್ಲೇ ಬಂದದ್ದು.

ಈ ಜನಪ್ರಿಯ ಗಿಡಗಳಿಗೆಲ್ಲ ಸಮಾನವಾದ ಒಂದು ಗುಣ ಇದೆ, ಅದು ಅಂದಕ್ಕೆ ಸಂಬಂಧಿಸಿದ್ದಲ್ಲ. ದೇವಕಣಗಿಲೆಯ ಒಂದು ಗೇಣುದ್ದದ ಕೊಂಬೆ ಕಡಿದು ನೋಡಿ. ಗಾಯದಿಂದ ಬಿಳಿ ಹಾಲು ಸೋರಿ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಕೊಂಬೆಯನ್ನು ನೆರಳಿನಲ್ಲಿ ಒಂದೆರಡು ವಾರ ಹಾಗೇ ಬಿಟ್ಟರೂ ಸಾಯುವುದಿಲ್ಲ. ತಿರುಳಿನಲ್ಲಿ ಕೂಡಿಟ್ಟ ನೀರನ್ನು ಹಿಡಿದುಕೊಂಡು ಜೀವ ಉಳಿಸಿಕೊಳ್ಳುತ್ತದೆ. ವಾಸ್ತವದಲ್ಲಿ ಹಾಗೆ ಒಣಗಿಸಿ ನೆಟ್ಟರೇ ಕೊಳೆಯದೆ ಬೇರು ಬಿಡುತ್ತದೆ ಎಂದು ತೋಟದ ಕೆಲಸ ಬಲ್ಲವರು ಹೇಳುತ್ತಾರೆ. ಹಡಗಿನ ಮೂಲೆಯಲ್ಲಿ ವಾರಗಟ್ಟಲೆ ಬಿದ್ದಿರಲು ಇದಕ್ಕಿಂತ ತಕ್ಕ ಗಿಡ ಯಾವುದಿದೆ? ದಾಸವಾಳ, ಕಾಗದದ ಹೂ, ಕ್ರೋಟನ್ ಇವೆಲ್ಲ ಕಡ್ಡಿ ನೆಟ್ಟರೆ ಚಿಗುರುತ್ತವೆ. ಶುಂಠಿಯ ಜಾತಿಯವು ಗೆಡ್ಡೆಯಾಗಿ ಮಣ್ಣಿನ ಮುದ್ದೆಯೊಳಗೆ ಪಯಣ ಮಾಡುತ್ತವೆ. ಇವು ಬೆಳೆಯಲು ಯಾವುದೋ ಒಂದೇ ಬಗೆಯ ಹಕ್ಕಿಯೋ ಪತಂಗವೋ ಬೇಕಿಲ್ಲ, ವಿಶೇಷ ಮಣ್ಣು ಬೇಕಿಲ್ಲ. ಬಿಸಿಲು, ಒಂದಿಷ್ಟು ನೀರು, ಕತ್ತರಿಸಿ ನೆಡುವ ಒಂದು ಕೈ ಇದ್ದರೆ ಸಾಕು. ಎಲ್ಲ ದ್ವೀಪಗಳಲ್ಲೂ, ನಮ್ಮ ಕರಾವಳಿಯ ಮನೆಯಂಗಳದಲ್ಲೂ, ಬೆಂಗಳೂರಿನ ಕಾಂಪೌಂಡುಗಳಲ್ಲೂ ಇವೇ ಇರುವುದಕ್ಕೆ ಕಾರಣ ಇದು. ಮನುಷ್ಯರ ಜೊತೆ ಬಾಳಲು ಕಲಿತ ಗಿಡಗಳ ಒಂದು ಪಟ್ಟಿಯನ್ನು ನಾವು ದ್ವೀಪದ ಸಸ್ಯಸಂಪತ್ತು ಎಂದು ತಿಳಿದಿದ್ದೇವೆ.

ದ್ವೀಪದ ಸ್ವಂತ ಗಿಡಗಳ ಕಥೆ ಇದಕ್ಕೆ ತೀರಾ ಬೇರೆ. ಮನುಷ್ಯರಿಲ್ಲದ ಕಾಲದಲ್ಲಿ ಹವಾಯಿಗೆ ಬರಲು ಇದ್ದದ್ದು ಮೂರೇ ದಾರಿ: ಗಾಳಿ, ಕಡಲು, ಹಕ್ಕಿ. ದ್ವೀಪಗಳ ಸಸ್ಯಗಳನ್ನು ದೀರ್ಘಕಾಲ ಅಧ್ಯಯನ ಮಾಡಿದ ಷೆರ್ವಿನ್ ಕಾರ್ಲ್‌ಕ್ವಿಸ್ಟ್ ಅವರ ಲೆಕ್ಕದಲ್ಲಿ ನೂರಕ್ಕೆ ಎಪ್ಪತ್ತೈದರಷ್ಟು ಬಂದದ್ದು ಹಕ್ಕಿಗಳ ಹೊಟ್ಟೆಯಲ್ಲೋ, ಪುಕ್ಕಕ್ಕೆ ಸಿಕ್ಕಿಕೊಂಡೋ, ಕಾಲಿನ ಕೆಸರಿಗೆ ಅಂಟಿಯೋ. ಹೀಗೆ ಬಂದು ಬದುಕುಳಿದ ಮೂಲಸಸ್ಯಗಳು 270ರಿಂದ 280 ಎಂದು ಅಂದಾಜು. ಇಂದಿನ ಸಾವಿರ ಜಾತಿಗಳೂ ಅವುಗಳ ಸಂತಾನ. ಬಂದ ಮೇಲೆ ಅವು ಹೇಗೆ ಬದಲಾದವು ಎಂಬುದು ನನ್ನ ವಾದಕ್ಕೆ ಮುಖ್ಯ. ನಮ್ಮಲ್ಲಿ ಗದ್ದೆಯ ಬದುವಿನಲ್ಲಿ ನಡೆದರೆ ಪಂಚೆಗೆ, ಸೀರೆಯಂಚಿಗೆ ಸೂಜಿಯಂತೆ ಚುಚ್ಚಿಕೊಳ್ಳುವ ಕಪ್ಪು ಬೀಜಗಳಿವೆಯಲ್ಲ, ಅದೇ ಬೈಡೆನ್ಸ್ ಕುಲದ ಒಂದು ಗಿಡ ಹಿಂದೊಮ್ಮೆ ಹಕ್ಕಿಯ ಪುಕ್ಕಕ್ಕೆ ಕೊಕ್ಕೆ ಹಾಕಿಕೊಂಡು ಹವಾಯಿ ಸೇರಿತು. ಈಗ ಅದರ ಸಂತತಿ ಅಲ್ಲಿ ಹತ್ತೊಂಬತ್ತು ಜಾತಿಗಳಾಗಿ ಹರಡಿದೆ. ಅವುಗಳಲ್ಲಿ ಹಲವಕ್ಕೆ ಬೀಜದ ಆ ಕೊಕ್ಕೆಯೇ ಇಲ್ಲ. ಸುತ್ತಲೂ ಸಾವಿರಾರು ಕಿಲೋಮೀಟರ್ ನೀರಿರುವಲ್ಲಿ ದೂರ ಹೋಗುವ ಬೀಜ ಕಡಲಿಗೆ ಬಿದ್ದು ಸಾಯುತ್ತದೆ, ತಾಯಿಯ ಬುಡದಲ್ಲೇ ಬಿದ್ದದ್ದು ಬದುಕುತ್ತದೆ. ತಲೆಮಾರಿನಿಂದ ತಲೆಮಾರಿಗೆ ಆ ನೆಲ ಊರು ಬಿಡದ ಗಿಡಗಳನ್ನೇ ಆರಿಸಿಕೊಂಡಿತು.

ಕಳೆದುಕೊಂಡದ್ದು ಕೊಕ್ಕೆಯನ್ನು ಮಾತ್ರವಲ್ಲ. ಹವಾಯಿಯಲ್ಲಿ ಮೇಯುವ ಸಸ್ತನಿಗಳೇ ಇರಲಿಲ್ಲ. ಆಡು, ಹಂದಿ, ದನ, ಜಿಂಕೆ ಯಾವುದೂ ಇಲ್ಲ. ಬಾಯಿ ಹಾಕುವವರಿಲ್ಲದ ಮೇಲೆ ಮುಳ್ಳಿಗೆ, ವಿಷಕ್ಕೆ, ಕಟುವಾಸನೆಗೆ ಖರ್ಚು ಮಾಡುವುದು ಗಿಡಕ್ಕೆ ವ್ಯರ್ಥ. ಹೀಗಾಗಿ ಅಲ್ಲಿನ ಕಾಡಿನಲ್ಲಿ ಪುದೀನ ಕುಟುಂಬದ ಗಿಡಗಳಿಗೆ ಪುದೀನದ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. 'ಆಕಲಾ' ಎಂಬ ರಾಸ್‌ಬೆರಿಗೆ ಮುಳ್ಳು ಹೆಸರಿಗಷ್ಟೇ. ಮಲೆನಾಡಿನವರಿಗೆ ಚೆನ್ನಾಗಿ ಗೊತ್ತಿರುವ ತುರಚೆ ಗಿಡದ ಕುಟುಂಬದ 'ಮಾಮಕಿ'ಯನ್ನು ಬರಿಗೈಯಲ್ಲಿ ಮುಟ್ಟಬಹುದು, ತುರಿಸುವುದಿಲ್ಲ. ಹವಾಯಿ ಜನ ಅದರ ಎಲೆಯಿಂದ ಕಷಾಯ ಮಾಡುತ್ತಾರೆ. ಲಕ್ಷಾಂತರ ವರ್ಷ ಇದು ಸುಖವಾಗಿ ನಡೆಯಿತು. ಆಮೇಲೆ 1778ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್ ಆಡುಗಳನ್ನು ಬಿಟ್ಟರು, 1793ರಲ್ಲಿ ಜಾರ್ಜ್ ವ್ಯಾಂಕೂವರ್ ದೊರೆ ಕಮೆಹಮೆಹನಿಗೆ ದನಗಳನ್ನು ಕಾಣಿಕೆ ಕೊಟ್ಟರು. ಆ ದನಗಳನ್ನು ಕೊಲ್ಲಬಾರದೆಂದು ದೊರೆ ಕಟ್ಟಳೆ ಮಾಡಿದ. ಮಂದೆಗಳು ಬೆಳೆದು ಕಾಡು ನುಗ್ಗಿದಾಗ ಗಿಡಗಳ ಬಳಿ ಎದುರಿಸಲು ಏನೂ ಉಳಿದಿರಲಿಲ್ಲ.

ಮಾವಿ ದ್ವೀಪದ ಹಲೆಯಕಲ ಪರ್ವತದ 'ಆಹಿನಾಹಿನಾ' ಇದಕ್ಕೆ ಕಣ್ಣಿಗೆ ಕಟ್ಟುವ ಸಾಕ್ಷಿ. ಮೂರು ಸಾವಿರ ಮೀಟರಿಗೂ ಎತ್ತರದ ಈ ಜ್ವಾಲಾಮುಖಿಯ ಮೇಲೆ ಹಗಲು ಸುಡುವ ಬಿಸಿಲು, ರಾತ್ರಿ ಹೆಪ್ಪುಗಟ್ಟಿಸುವ ಚಳಿ, ಕಾಲಡಿಯಲ್ಲಿ ಬರೀ ಕರಕಲು ಪುಡಿ. ಅಲ್ಲಿ ಈ ಗಿಡ ಕತ್ತಿಯಂಥ ಎಲೆಗಳ ಉಂಡೆಯಾಗಿ ನೆಲಕ್ಕೆ ಅಂಟಿ ಕೂರುತ್ತದೆ. ಎಲೆಯ ಮೇಲೆಲ್ಲ ಒತ್ತಾಗಿ ಬೆಳ್ಳಿಬಣ್ಣದ ರೋಮ. ಅದು ಬಿಸಿಲನ್ನು ಹಿಂದಕ್ಕೆ ಹಾಯಿಸುತ್ತದೆ. ಎಲೆಯೊಳಗೆ ಲೋಳೆಯಂಥ ಪದಾರ್ಥ ನೀರನ್ನು ಹಿಡಿದಿಡುತ್ತದೆ. ಇಪ್ಪತ್ತು ವರ್ಷವೋ ಐವತ್ತೋ, ಕೆಲವೊಮ್ಮೆ ಅದಕ್ಕೂ ಹೆಚ್ಚೋ ಹೀಗೇ ಕೂತಿದ್ದು, ಒಂದು ಬೇಸಿಗೆಯಲ್ಲಿ ಆಳೆತ್ತರದ ಹೂಗೊನೆ ಎಬ್ಬಿಸಿ, ನೂರಾರು ಕೆನ್ನೇರಳೆ ಹೂಗಳನ್ನು ಅರಳಿಸಿ, ಬೀಜ ಉದುರಿಸಿ ಸತ್ತುಹೋಗುತ್ತದೆ. ನಮ್ಮ ಪಶ್ಚಿಮ ಘಟ್ಟದ ನೀಲಕುರಿಂಜಿಯದೂ ಇದೇ ಒಂದು ಬಾರಿಯ ಬಾಳು. ಕುರಿಂಜಿ ಗಿಡಗಳು ಮಾತ್ರ ಎಲ್ಲವೂ ಒಟ್ಟಿಗೆ ಅರಳುತ್ತವೆ. ಆಹಿನಾಹಿನಾ ಒಂದೊಂದು ಒಂದೊಂದು ವರ್ಷ. ತನ್ನ ಪರಾಗದಿಂದಲೇ ತನಗೆ ಬೀಜ ಕಟ್ಟದ ಗಿಡ ಇದಾದ್ದರಿಂದ ಹತ್ತಿರದಲ್ಲಿ ಇನ್ನೊಂದು ಹೂಬಿಟ್ಟಿರಬೇಕು, ಅಲ್ಲಿನ ಸ್ವಂತ ಪುಟ್ಟ ಜೇನುನೊಣವೂ ಹಾರಾಡಬೇಕು. ಆಡು ದನಗಳು ಮೇಯ್ದು, ನೋಡಲು ಬಂದವರು ನೆನಪಿಗೆಂದು ಕಿತ್ತೊಯ್ದು, 1920ರ ದಶಕದ ಹೊತ್ತಿಗೆ ಇದು ಅಳಿವಿನಂಚಿಗೆ ಬಂದಿತ್ತು. ಬೇಲಿ ಹಾಕಿ ಕಾವಲಿಟ್ಟ ಮೇಲೆ ಸಾವಿರಗಟ್ಟಲೆಯಾಗಿ ಚೇತರಿಸಿತು. ಈಚಿನ ದಶಕಗಳಲ್ಲಿ ಬಿಸಿ ಮತ್ತು ಒಣಹವೆ ಹೆಚ್ಚಿ ಮತ್ತೆ ಕುಗ್ಗುತ್ತಿದೆ. ಇದರ ಪೂರ್ವಜ ಕ್ಯಾಲಿಫೋರ್ನಿಯಾದ ಒಂದು ಸಾಮಾನ್ಯ ಕಳೆಗಿಡ ಎಂದು ಡಿಎನ್‌ಎ ಪರೀಕ್ಷೆ ತೋರಿಸಿದೆ. ಆ ಒಂದೇ ಮೂಲದಿಂದ ಮರ, ಪೊದೆ, ಬಳ್ಳಿ, ಜೌಗಿನ ಮೇಲಿನ ಪಾಚಿಯಂಥ ಹಾಸು ಎಲ್ಲ ಸೇರಿ ಸುಮಾರು 30 ಜಾತಿಗಳು ಹವಾಯಿಯಲ್ಲಿ ಹುಟ್ಟಿವೆ.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ, ಅದು ಹಗುರವಾದುದಲ್ಲ. ಎಲ್ಲ ಗಿಡವೂ ಎಲ್ಲಿಂದಲೋ ಬಂದದ್ದೇ ಎಂದ ಮೇಲೆ, ಹಕ್ಕಿಯ ಪುಕ್ಕದಲ್ಲಿ ಬಂದದ್ದು ಒಳಗಿನದು, ಹಡಗಿನಲ್ಲಿ ಬಂದದ್ದು ಹೊರಗಿನದು ಎನ್ನುವುದು ಯಾವ ನ್ಯಾಯ? ಮನುಷ್ಯನೂ ಪ್ರಕೃತಿಯ ಭಾಗವೇ ಅಲ್ಲವೇ? ಉತ್ತರ ವೇಗದಲ್ಲಿದೆ. ಈಗಿನ ದೊಡ್ಡ ದ್ವೀಪಗಳಲ್ಲಿ ಹಳೆಯದಾದ ಕವಾಯಿಗೆ ಸುಮಾರು 50 ಲಕ್ಷ ವರ್ಷ. ಆ 280 ಮೂಲಸಸ್ಯಗಳೂ ಈ ಅವಧಿಯಲ್ಲೇ ಬಂದವು ಎಂದು ಹಿಡಿದರೂ ಸರಾಸರಿ 18 ಸಾವಿರ ವರ್ಷಕ್ಕೊಂದು ಹೊಸ ಗಿಡ ಬಂದಂತಾಯಿತು. ಈಗ ಕಡಲೊಳಗೆ ಮುಳುಗಿಹೋದ ಹಳೆಯ ದ್ವೀಪಗಳನ್ನೂ ಸೇರಿಸಿದರೆ ಅಂತರ ಇನ್ನೂ ಹೆಚ್ಚು. ಕುಕ್ ಬಂದ ಮೇಲಿನ 250 ವರ್ಷದೊಳಗೆ ತೋಟ ಬಿಟ್ಟು ಹೊರಬಿದ್ದು ತಾವಾಗಿ ಬೆಳೆಯತೊಡಗಿದ ಹೊರಗಿನ ಸಸ್ಯಗಳೇ ಸಾವಿರಕ್ಕೂ ಹೆಚ್ಚು ಜಾತಿ. ವರ್ಷಕ್ಕೆ ನಾಲ್ಕರಂತೆ! ಒಂದು ಹೊಸ ಗಿಡದೊಂದಿಗೆ ಹೊಂದಿಕೊಳ್ಳಲು 18 ಸಾವಿರ ವರ್ಷ ಸಿಗುತ್ತಿದ್ದ ಕಾಡಿಗೆ ಈಗ ಒಂದು ಋತುವೂ ಸಿಗುವುದಿಲ್ಲ. ಹೊಸಬರು ಬರಲೇಬಾರದು ಎಂಬುದು ನನ್ನ ಮಾತಲ್ಲ. ಬರುವ ರಭಸಕ್ಕೂ ಹೊಂದಿಕೊಳ್ಳುವ ಶಕ್ತಿಗೂ ನಡುವೆ ಇಷ್ಟು ಅಂತರ ಬಿದ್ದಾಗ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಎರಡನೆಯ ಆಕ್ಷೇಪ ಹವಾಯಿಯ ಮೂಲನಿವಾಸಿಗಳ ಕುರಿತದ್ದು. ಸುಮಾರು ಸಾವಿರ ವರ್ಷದ ಹಿಂದೆ ದಕ್ಷಿಣ ಪೆಸಿಫಿಕ್ಕಿನಿಂದ ಜೋಡಿದೋಣಿಗಳಲ್ಲಿ ಬಂದ ಪಾಲಿನೇಷ್ಯನ್ ಜನ ಬರಿಗೈಯಲ್ಲಿ ಬರಲಿಲ್ಲ. ಕೆಸು, ಜೀಗುಜ್ಜೆ, ಬಾಳೆ, ಕಬ್ಬು, ಗೆಣಸು, ತೆಂಗು, ಅರಿಶಿನ, ಸೋರೆ, ಬಟ್ಟೆಗೆ ನಾರು ಕೊಡುವ ಕಾಗದದ ಹಿಪ್ಪುನೇರಳೆ, ದೀಪಕ್ಕೆ ಎಣ್ಣೆ ಕೊಡುವ 'ಕುಕುಯಿ' ಹೀಗೆ ಸುಮಾರು ಎರಡು ಡಜನ್ ಗಿಡಗಳನ್ನು ತಂದರು. ದಕ್ಷಿಣ ಕನ್ನಡದ ಯಾವುದೇ ತೋಟದಲ್ಲಿ ಈ ಪಟ್ಟಿಯ ಅರ್ಧಕ್ಕೂ ಹೆಚ್ಚು ಸಿಗುತ್ತದೆ. ಉಷ್ಣವಲಯದ ಕರಾವಳಿ ಜನರೆಲ್ಲ ಒಂದೇ ಗಿಡಗಳ ಆಸರೆಯಲ್ಲಿ ಬದುಕಿದವರು. ಕೆಸು ಹವಾಯಿ ಜನರಿಗೆ ಆಹಾರಕ್ಕಿಂತ ಹೆಚ್ಚು. ಅವರ ಪುರಾಣದಂತೆ ಆಕಾಶದೇವನ ಮೊದಲ ಮಗು ಹುಟ್ಟುವಾಗಲೇ ಸತ್ತಿತ್ತು, ಹೂಳಿದ ಜಾಗದಲ್ಲಿ ಕೆಸುವಿನ ಗಿಡ ಎದ್ದಿತು. ಎರಡನೆಯ ಮಗುವಿನಿಂದ ಮನುಷ್ಯಕುಲ ಬೆಳೆಯಿತು. ಹೀಗಾಗಿ ಕೆಸು ಅಣ್ಣ, ಮನುಷ್ಯ ತಮ್ಮ. ಇಂಥ ಗಿಡವನ್ನು ಹೊರಗಿನದು ಎನ್ನಲು ಯಾರಿಗಾದರೂ ಮನಸ್ಸು ಬರುತ್ತದೆಯೇ? ನನಗೂ ಬರುವುದಿಲ್ಲ. ಈ ದೋಣಿಗಿಡಗಳಲ್ಲಿ ಹೆಚ್ಚಿನವು ಸಾಕುವವರಿದ್ದರೆ ಮಾತ್ರ ಬದುಕುವಂಥವು. ಕೆಸು ಗದ್ದೆ ದಾಟಿ ಬೆಟ್ಟದ ಕಾಡಿಗೆ ಏರಿ ಯಾರ ಜಾಗವನ್ನೂ ಕಿತ್ತುಕೊಳ್ಳಲಿಲ್ಲ. ಹಾಗೆಂದು ಆ ಜನರಿಂದ ನಷ್ಟವೇ ಆಗಲಿಲ್ಲ ಎಂದೂ ಹೇಳಲಾಗದು. ಸಾಗುವಳಿಗೆ ತಗ್ಗಿನ ಕಾಡುಗಳನ್ನು ಸುಟ್ಟರು, ಅವರ ದೋಣಿಗಳಲ್ಲಿ ಬಂದ ಇಲಿಗಳು 'ಲೌಲು' ತಾಳೆಯ ಬೀಜ ತಿಂದು ತಾಳೆಕಾಡುಗಳು ಕುಗ್ಗಲು ಕಾರಣವಾದವು. ನಾನು ಎತ್ತಿಹಿಡಿಯುವುದು ಜನಾಂಗದ ಆಧಾರದ ಮೇಲಿನ ತೀರ್ಪನ್ನಲ್ಲ, ಗಿಡದ ನಡತೆಯ ಆಧಾರದ ಮೇಲಿನದನ್ನು.

ನಡತೆ ಎಂದಾಗ ಮೂರನೆಯ ಆಕ್ಷೇಪಕ್ಕೂ ದಾರಿ ಸಿಗುತ್ತದೆ: ದೇವಕಣಗಿಲೆ ಯಾರಿಗೆ ಏನು ಕೇಡು ಮಾಡಿತು? ಏನೂ ಇಲ್ಲ, ನಿಜ. ಹವಾಯಿಯಲ್ಲಿ ಅದು ಬೀಜ ಚೆಲ್ಲಿ ಕಾಡು ಹೊಕ್ಕಿಲ್ಲ. ನೂರೈವತ್ತು ವರ್ಷದಿಂದ ನೆಟ್ಟಲ್ಲೇ ನಿಂತು ಹೂ ಕೊಡುತ್ತಿದೆ, ಹಾರ ಕಟ್ಟುವವರ ಹೊಟ್ಟೆ ಹೊರೆಯುತ್ತಿದೆ. ಅದನ್ನು ಕಿತ್ತುಹಾಕಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಅದೇ ಅಂಗಳದ ಇತರ ಹೂಗಳು ಹಾಗಲ್ಲ. ಹಿಮಾಲಯದ ತಪ್ಪಲಿನಿಂದ ಹೋದ ಹಳದಿ ಸುಗಂಧಿ, ಅಂದರೆ ಶುಂಠಿಯ ಕುಟುಂಬದ ಆ ಉದ್ದ ಹೂಗೊನೆಯ ಗಿಡ, ಈಗ ಅಲ್ಲಿನ ಮಳೆಕಾಡಿನ ನೆಲದಲ್ಲಿ ಗೆಡ್ಡೆಗಳ ದಪ್ಪ ಹೆಣಿಗೆ ಹಾಸಿದೆ. ಬೇರೆ ಸಸಿಗೆ ಬೇರೂರಲು ಮಣ್ಣೇ ಸಿಗದು. 1825ರಲ್ಲಿ ಬ್ರೆಜಿಲ್‌ನಿಂದ ತಂದ ಕೆಂಪು ಕಾಡುಪೇರಳೆಯ ಹಣ್ಣನ್ನು ಹಂದಿಗಳು ತಿಂದು ಬೆಟ್ಟದ ತುಂಬ ಬಿತ್ತಿವೆ. ಎಲೆಯ ಅಡಿಭಾಗ ನೇರಳೆ ಬಣ್ಣದ, ಒಂದೊಂದು ಎಲೆ ಮೊಳಕ್ಕಿಂತ ಉದ್ದದ ಮಿಕೋನಿಯಾವನ್ನು 1937ರಲ್ಲಿ ತಹಿತಿಯ ಒಂದು ತೋಟದಲ್ಲಿ ಅಂದಕ್ಕಾಗಿ ನೆಟ್ಟರು. ಈಗ ಅದು ತಹಿತಿಯ ಮೂರನೇ ಎರಡು ಭಾಗಕ್ಕೆ ಹರಡಿದೆ. ಅದರ ನೆರಳಿನಲ್ಲಿ ಏನೂ ಮೊಳೆಯುವುದಿಲ್ಲ, ಬೇರು ಆಳಕ್ಕೆ ಇಳಿಯದ್ದರಿಂದ ಮಳೆಗಾಲದಲ್ಲಿ ಗುಡ್ಡಗಳು ಜಾರುತ್ತವೆ. 1960ರ ದಶಕದ ಆರಂಭದಲ್ಲಿ ಅದೇ ಗಿಡವನ್ನು ಹವಾಯಿಗೂ ಅಲಂಕಾರಕ್ಕೆಂದು ತಂದರು.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಲಂಟಾನ. ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ, ಮಲೆಮಹದೇಶ್ವರ ಬೆಟ್ಟದಲ್ಲಿ ಕಾಡಿನ ತಳವನ್ನೆಲ್ಲ ಇದು ಹೇಗೆ ಮುಚ್ಚಿದೆಯೆಂದು ಸೋಲಿಗರನ್ನು ಕೇಳಿದರೆ ತಿಳಿಯುತ್ತದೆ. ಅವರು ಈಗ ಅದರ ಕಾಂಡದಿಂದ ಪೀಠೋಪಕರಣ ಮಾಡಿ ಮಾರುವುದೂ ಉಂಟು. ಇದು ಅಮೆರಿಕ ಖಂಡದ ಗಿಡ. ಭಾರತಕ್ಕೆ 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೂಲಕ ಬಂದರೆ, ಹವಾಯಿಗೆ 1858ರಲ್ಲಿ ಬಂತು. ತಂದವರು ದೇವಕಣಗಿಲೆ ತಂದ ಅದೇ ಹಿಲೆಬ್ರಾಂಡ್. ಕೆಲ ವರ್ಷ ಕಳೆದು, ಬೆಳೆ ತಿನ್ನುವ ಹುಳುಗಳ ಹತೋಟಿಗೆಂದು ಭಾರತದಿಂದ ಗೊರವಂಕ ಹಕ್ಕಿಗಳನ್ನು ತರಿಸಿದವರೂ ಅವರೇ. ಗೊರವಂಕಗಳು ಲಂಟಾನದ ಹಣ್ಣು ತಿಂದು ಬೀಜವನ್ನು ಗುಡ್ಡಗುಡ್ಡಕ್ಕೆ ಹರಡಿದವು. 1902ರಲ್ಲಿ ಮೆಕ್ಸಿಕೊದಿಂದ ಲಂಟಾನ ತಿನ್ನುವ ಕೀಟಗಳನ್ನು ತಂದು ಬಿಡುವವರೆಗೂ ಸಂಗತಿ ಹೋಯಿತು; ಕಳೆಯೊಂದನ್ನು ಕೀಟಗಳಿಂದ ಹತ್ತಿಕ್ಕುವ ಪ್ರಯತ್ನಗಳಲ್ಲಿ ಇದು ಜಗತ್ತಿನಲ್ಲೇ ಮೊದಮೊದಲಿನದು. ಹಿಲೆಬ್ರಾಂಡ್ ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಹವಾಯಿಯ ಸ್ವಂತ ಸಸ್ಯಗಳ ಮೇಲೆ ಮೊದಲ ದೊಡ್ಡ ಗ್ರಂಥ ಬರೆದವರು ಅವರು, ಗಿಡಗಳನ್ನು ಮನಸಾರೆ ಪ್ರೀತಿಸಿದವರು. ಅಂಥ ಬಲ್ಲವರ ಕೈಯಿಂದಲೇ ಒಂದು ನಿರಪಾಯದ ಹೂವೂ ಒಂದು ಕಾಡುಮಾರಿಯೂ ಬಂದವು ಎಂದರೆ, ಅಂದ ನೋಡಿ ಗಿಡದ ನಡತೆ ಊಹಿಸಲಾಗದು ಎಂಬುದು ಸ್ಪಷ್ಟ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಪಟ್ಟಿ ಮಾಡಿರುವ ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳಲ್ಲಿ ಲಂಟಾನ, ಮಿಕೋನಿಯಾ, ಕೆಂಪು ಕಾಡುಪೇರಳೆ, ಹಳದಿ ಸುಗಂಧಿ ನಾಲ್ಕೂ ಇವೆ. ಬೆಂಗಳೂರಿನ ರಸ್ತೆಬದಿಯಲ್ಲಿ ನಾವು ಮೆಚ್ಚುವ ನೀರುಕಾಯಿ ಮರವೂ ಅದರಲ್ಲಿದೆ.

ಇನ್ನೊಂದು ವಾದ ಆಗಾಗ ಕೇಳಿಬರುತ್ತದೆ: ಬಲವುಳ್ಳದ್ದು ಉಳಿಯುತ್ತದೆ, ದುರ್ಬಲವಾದದ್ದು ಅಳಿಯುತ್ತದೆ, ಇದು ಪ್ರಕೃತಿ ನಿಯಮ, ಅದಕ್ಕೇಕೆ ಅಡ್ಡ ಬರಬೇಕು? ಹವಾಯಿಯ ಸ್ವಂತ ಗಿಡಗಳು ದುರ್ಬಲ ಎನ್ನುವವರು 'ಓಹಿಯಾ ಲೆಹುವಾ' ಮರವನ್ನು ನೋಡಬೇಕು. ಲಾವಾರಸ ಹರಿದು ತಣ್ಣಗಾದ ಬಂಡೆಯ ಬಿರುಕಿನಲ್ಲಿ ಮೊದಲು ಬೇರಿಳಿಸುವ ಮರ ಇದು. ಕಡಲಂಚಿನಿಂದ ಎರಡೂವರೆ ಸಾವಿರ ಮೀಟರ್ ಎತ್ತರದವರೆಗೆ ಎಲ್ಲ ಹವೆಯಲ್ಲೂ ಬೆಳೆಯುತ್ತದೆ. ಕೆಲವೆಡೆ ಮೊಣಕಾಲೆತ್ತರದ ಪೊದೆ, ಕೆಲವೆಡೆ ದೊಡ್ಡ ಮರ. ಕೆಂಪು ಕೇಸರಗಳ ಕುಚ್ಚಿನಂಥ ಹೂವಿಗೆ ಬಾಗಿದ ಕೊಕ್ಕಿನ ಸ್ಥಳೀಯ ಹಕ್ಕಿಗಳು ಮಕರಂದಕ್ಕೆ ಬರುತ್ತವೆ. ಇದರ ಎಲೆಗೂ ಕೊಂಬೆಗೂ ಕಟ್ಟಿದ ಹಾವಸೆಗೂ ತಾಗಿದ ಮಂಜು ಹನಿಯಾಗಿ ನೆಲಕ್ಕಿಳಿಯುತ್ತದೆ. ಅಲ್ಲಿನ ಊರುಗಳು ಕುಡಿಯುವ ಅಂತರ್ಜಲ ಬೆಟ್ಟದ ಈ ಕಾಡುಗಳಲ್ಲಿ ಇಂಗಿದ ನೀರು. ಇಷ್ಟು ಗಟ್ಟಿಯಾದ ಮರವೇ ಈಗ ಸಾಯುತ್ತಿದೆ. 2010ರ ಸುಮಾರಿಗೆ ಹವಾಯಿ ದ್ವೀಪದ ಪೂನಾ ಪ್ರದೇಶದಲ್ಲಿ ಮರಗಳು ಕೆಲವೇ ವಾರಗಳಲ್ಲಿ ಒಣಗಿ ನಿಂತವು. ಕಾರಣ ಒಂದು ಬಗೆಯ ಶಿಲೀಂಧ್ರ ಎಂದು 2014ರಲ್ಲಿ ತಿಳಿಯಿತು. ತೊಗಟೆಯ ಗಾಯದೊಳಗೆ ಹೊಕ್ಕು, ನೀರು ಏರುವ ನಾಳಗಳನ್ನು ಕಟ್ಟಿಹಾಕುತ್ತದೆ. ಈವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಮರಗಳು ಸತ್ತಿವೆ. ಚಾರಣಿಗರ ಬೂಟಿನ ಮಣ್ಣಿನಲ್ಲೂ ರೋಗ ಸಾಗುತ್ತದೆಂದು ಕಾಡುದಾರಿಗಳ ಬಾಯಲ್ಲಿ ಬ್ರಷ್ಷು, ಆಲ್ಕೋಹಾಲ್ ಸಿಂಪಡಿಕೆ ಇಟ್ಟಿದ್ದಾರೆ. ಇದನ್ನು ಬಲಾಬಲದ ಸ್ಪರ್ಧೆ ಎನ್ನಲಾಗದು. ಒಂದು ಪಕ್ಷ ತನ್ನ ಶತ್ರುಗಳನ್ನೆಲ್ಲ ತವರಿನಲ್ಲಿ ಬಿಟ್ಟು ಬಂದಿದೆ. ಇನ್ನೊಂದರ ಮೇಲೆ ಕಂಡರಿಯದ ರೋಗ, ಹಂದಿ, ಇಲಿ ಒಟ್ಟಿಗೇ ಎರಗಿವೆ.

ಜನರಿಗೆ ಉಪಯೋಗಕ್ಕೆ ಬಂದರೆ ತಾನೇ ಗಿಡ ಉಳಿಯುವುದು ಎನ್ನುವವರೂ ಇದ್ದಾರೆ. ಇದಕ್ಕೆ ಉತ್ತರ ಗಂಧದ ಮರದಲ್ಲಿದೆ. ಹವಾಯಿಗೆ ಅದರದೇ ಆದ ಗಂಧದ ಜಾತಿಗಳಿವೆ, ಅಲ್ಲಿನವರು 'ಇಲಿಯಾಹಿ' ಎನ್ನುತ್ತಾರೆ. ನಮ್ಮ ಶ್ರೀಗಂಧದ ಹತ್ತಿರದ ಬಂಧುಗಳವು. ಶ್ರೀಗಂಧದ ಹಾಗೆಯೇ ಪಕ್ಕದ ಗಿಡಗಳ ಬೇರಿಗೆ ತಮ್ಮ ಬೇರು ಕಚ್ಚಿಸಿ ಆಹಾರ ಹೀರುವಂಥವು. 19ನೇ ಶತಮಾನದ ಆರಂಭದಲ್ಲಿ ಹಡಗಿನ ವ್ಯಾಪಾರಿಗಳು ಈ ಗಂಧವನ್ನು ಚೀನಾದ ಕ್ಯಾಂಟನ್ನಿಗೆ ಸಾಗಿಸತೊಡಗಿದರು. ಚೀನೀಯರು ಇಂದಿಗೂ ಹೊನೊಲುಲುವನ್ನು ಗಂಧದ ಬೆಟ್ಟ ಎಂದೇ ಕರೆಯುತ್ತಾರೆ. ದೊರೆ ಕಮೆಹಮೆಹ ವ್ಯಾಪಾರವನ್ನು ತನ್ನ ಹಿಡಿತದಲ್ಲಿಟ್ಟುಕೊಂಡಿದ್ದ. 1819ರಲ್ಲಿ ಅವನು ತೀರಿಕೊಂಡ ಮೇಲೆ ಪಾಳೆಯಗಾರರು ಸಾಲದ ಮೇಲೆ ಸಾಲ ಮಾಡಿ ಹಡಗು, ರೇಷ್ಮೆ ಕೊಂಡು, ತೀರಿಸಲು ಪ್ರಜೆಗಳನ್ನು ಗಂಧ ಕಡಿಯಲು ಬೆಟ್ಟಕ್ಕಟ್ಟಿದರು. ಮೊಲೊಕಾಯಿ ದ್ವೀಪದ ಕಾಡಿನಲ್ಲಿ ಹಡಗಿನ ಹೊಟ್ಟೆಯ ಅಳತೆಗೆ ತೋಡಿದ ಒಂದು ಗುಂಡಿ ಈಗಲೂ ಇದೆ. ಅದು ತುಂಬಿದರೆ ಒಂದು ಹಡಗಿನ ಸರಕು ಆಯಿತೆಂದು ಲೆಕ್ಕ. ಆಮೇಲೆ ಹೊರೆಗಳನ್ನು ಬೆನ್ನಿಗೆ ಕಟ್ಟಿ ಕಡಲಿಗೆ ಇಳಿಸುತ್ತಿದ್ದರು. ಎರಡು ದಶಕಗಳಲ್ಲಿ ದೊಡ್ಡ ಮರಗಳೆಲ್ಲ ಮುಗಿದುಹೋದವು. ಉಪಯೋಗವೇ ಅದಕ್ಕೆ ಮೃತ್ಯುವಾಯಿತು. ಕಡ್ಡಿ ನೆಟ್ಟರೆ ಚಿಗುರುವ ದಾಸವಾಳಕ್ಕೆ ಬೇಡಿಕೆ ಬಂದರೆ ಅದು ಹೆಚ್ಚುತ್ತದೆ. ನೆರೆಯ ಬೇರಿನ ಆಸರೆ ಬೇಡುವ, ತಿರುಳು ಕಟ್ಟಲು ದಶಕಗಳು ಬೇಕಾದ ಮರಕ್ಕೆ ಬೇಡಿಕೆ ಬಂದರೆ ಅದು ಅಳಿಯುತ್ತದೆ. ಮೈಸೂರು ಸೀಮೆಯ ಶ್ರೀಗಂಧದ ಪಾಡನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಸ್ವಂತ ಗಿಡಗಳನ್ನೂ ಜನರ ಅಂಗಳಕ್ಕೆ ತಂದು ಸಾಮಾನ್ಯ ಮಾಡಬಹುದೇ? ಹವಾಯಿ ಈ ದಾರಿಯಲ್ಲಿ ಹೆಜ್ಜೆ ಇಟ್ಟಿದೆ. 1923ರಲ್ಲಿ ದಾಸವಾಳವನ್ನು ಅಲ್ಲಿನ ಅಧಿಕೃತ ಹೂವೆಂದು ಸಾರಿದಾಗ ಜನ ಅಂಗಳದ ಕೆಂಪು ದಾಸವಾಳವೇ ಎಂದು ತಿಳಿದರು. 1988ರಲ್ಲಿ ತಿದ್ದಿ, ದ್ವೀಪದ್ದೇ ಆದ ಹಳದಿ ದಾಸವಾಳಕ್ಕೆ ಆ ಸ್ಥಾನ ಕೊಟ್ಟರು. ಅದು ಅಮೆರಿಕದ ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿರುವ ಗಿಡ. ಆ ಪಟ್ಟಿಯ ಸಸ್ಯಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಹವಾಯಿಯವೇ, ಆ ದೇಶದ ನೆಲದಲ್ಲಿ ಹವಾಯಿಯ ಪಾಲು ನೂರಕ್ಕೆ ಒಂದೂ ಇಲ್ಲ. ಸರ್ಕಾರಿ ಕಟ್ಟಡಗಳ ಸುತ್ತ ಸ್ಥಳೀಯ ಗಿಡ ನೆಡಬೇಕೆಂಬ ಕಾನೂನೂ ಬಂದಿದೆ, ನರ್ಸರಿಗಳಲ್ಲಿ ಹಳದಿ ದಾಸವಾಳದ ಸಸಿ ಸಿಗುತ್ತದೆ. ಆದರೆ ಕುಂಡದಲ್ಲಿ ಉಳಿದರೆ ಉಳಿದಂತೆಯೇ ಎಂಬ ಪ್ರಶ್ನೆಗೆ ಕವಾಯಿ ದ್ವೀಪದ 'ಆಲುಲ'ದ ಗತಿ ನೋಡಿ ಉತ್ತರ ಹೇಳಬೇಕು. ದಪ್ಪ ಕಾಂಡದ ತುದಿಯಲ್ಲಿ ಎಲೆಕೋಸು ಕೂರಿಸಿದಂತೆ ಕಾಣುವ ಈ ಗಿಡ ನಾಪಾಲಿಯ ಕಡಿದಾದ ಕಡಲಬಂಡೆಗಳ ಮೇಲೆ ಬೆಳೆಯುತ್ತಿತ್ತು. ಅದರ ಉದ್ದ ಕೊಳವೆಯಂಥ ಹೂವಿಗೆ ಪರಾಗ ತರುತ್ತಿದ್ದುದು ಒಂದು ಪತಂಗ ಎಂದು ಊಹೆ; ಅದು ಎಂದೋ ಇಲ್ಲವಾಗಿರಬೇಕು. ಕವಾಯಿಯ ರಾಷ್ಟ್ರೀಯ ಉಷ್ಣವಲಯ ಸಸ್ಯೋದ್ಯಾನದ ಸ್ಟೀವ್ ಪರ್ಲ್‌ಮನ್ ಮತ್ತು ಕೆನ್ ವುಡ್ ಹಗ್ಗ ಕಟ್ಟಿಕೊಂಡು ಬಂಡೆಯಿಳಿದು, ಒಂದು ಹೂವಿನ ಪರಾಗವನ್ನು ಕುಂಚದಿಂದ ಇನ್ನೊಂದಕ್ಕೆ ಸವರಿ ಬೀಜ ಸಂಗ್ರಹಿಸಿದರು. ಆ ಬೀಜಗಳಿಂದ ಬೆಳೆದ ಆಲುಲ ಇಂದು ಯುರೋಪಿನ ಅಂಗಡಿಗಳಲ್ಲಿ ಮನೆಯೊಳಗಿನ ಕುಂಡದ ಗಿಡವಾಗಿ ಸಿಗುತ್ತದೆ. ತನ್ನ ಬಂಡೆಗಳ ಮೇಲೆ ಮಾತ್ರ ಒಂದೂ ಉಳಿದಂತಿಲ್ಲ.

ಕುಂಡದ ಗಿಡಕ್ಕೆ ಪತಂಗವಿಲ್ಲ, ನೆರೆಹೊರೆಯ ಗಿಡಗಳಿಲ್ಲ, ಕೆಲವೇ ತಾಯಿಗಿಡಗಳಿಂದ ಬಂದ ಸಂತಾನವಾದ್ದರಿಂದ ತಳಿವೈವಿಧ್ಯವೂ ಅಷ್ಟಕ್ಕಷ್ಟೆ. ಹಾಗಾಗಿ ಅದು ಪೂರ್ತಿ ಉಳಿವು ಎಂದು ಒಪ್ಪುವುದು ನನಗೆ ಕಷ್ಟ. ಅದರಿಂದ ಕೊಂಚ ಕಾಲಾವಕಾಶ ಸಿಕ್ಕಿದೆ, ಆ ಅವಕಾಶದಲ್ಲಿ ಹುಡುಕಾಟ ಇನ್ನೂ ನಡೆದಿದೆ. ದಾಸವಾಳದ ಬಂಧು 'ಹೌ ಕುವಾಹಿವಿ'ಯ ಒಂದು ಜಾತಿ 1991ರಲ್ಲಿ ಕವಾಯಿಯ ಕಲಲಾವು ಕಣಿವೆಯಲ್ಲಿ ಮೊದಲ ಬಾರಿ ಕಣ್ಣಿಗೆ ಬಿತ್ತು. ಇದರ ಎಸಳು ಪೂರ್ತಿ ಬಿಚ್ಚುವುದೇ ಇಲ್ಲ. ಸುರುಳಿಯಾಗಿಯೇ ಉಳಿದು ಬಾಗಿದ ಕೊಕ್ಕಿನ ಹಕ್ಕಿಗೆ ಕಾಯುತ್ತದೆ. ಸಿಕ್ಕಿದ್ದು ನಾಲ್ಕೇ ಗಿಡ. ಒಂದೊಂದಾಗಿ ಸತ್ತವು, ಕಸಿಯೂ ಕೂಡಲಿಲ್ಲ, ಪರಾಗ ಹಾಯಿಸಿದರೂ ಬೀಜ ಕಟ್ಟಲಿಲ್ಲ. 2016ರಲ್ಲಿ ಅಳಿದುಹೋಯಿತೆಂದು ದಾಖಲಿಸಿದರು. 2019ರ ಆರಂಭದಲ್ಲಿ ಅದೇ ಕಣಿವೆಯ ಲಂಬ ಬಂಡೆಯ ಮೇಲೆ, ಮನುಷ್ಯರ ಹಗ್ಗಕ್ಕೆ ಎಟುಕದ ಜಾಗದಲ್ಲಿ, ಹಾರಿಬಿಟ್ಟ ಡ್ರೋನಿನ ಕ್ಯಾಮೆರಾಕ್ಕೆ ಆ ಜಾತಿಯ ಗಿಡಗಳು ಮತ್ತೆ ಕಂಡವು. ಈಗ ಇಂಥ ಬಂಡೆಗಳಿಂದ ಬೀಜ, ಕಡ್ಡಿ ತರಲು ಡ್ರೋನಿಗೆ ಕತ್ತರಿಸುವ ಯಂತ್ರದ ಕೈ ತೂಗಿಬಿಟ್ಟು ಕೆಲಸ ಮಾಡುತ್ತಿದ್ದಾರೆ.